ಹೆಸರಿನ ಪಕ್ಕದ ಶಿಲುಬೆ

ಸಂಸ್ಥೆಯ ಮುಂಬಾಗಿಲಿಗೆ ಅಂಟಿಸಿದ್ದ, ಕಲಿನಾಳ ಫೋಟೊ ಇದ್ದ ಸಾವಿನ ಚೀಟಿಯ ಕೆಳತುದಿ ಮಂಜಿಗೆ ಎದ್ದು ಸುರುಳಿಯಾಗಿತ್ತು. ಅದನ್ನು ಒತ್ತಿ ಅಂಟಿಸಬೇಕೋ ಬೇಡವೋ ಎಂಬುದೇ ಬೆಳಗಿನಿಂದ ನನ್ನ ಚಿಂತೆ. ಅಂಟಿಸಿದರೆ, ಇವಳಿಗೇನು ಅಷ್ಟೊಂದು ಸಲಿಗೆ ಎಂದು ನೋಡಿದವರು ಅಂದುಕೊಂಡಾರು. ಬಿಟ್ಟರೆ ಸುರುಳಿ ಕೆನ್ನೆಯವರೆಗೂ ಏರಿ ಫೋಟೊ ಹರಿದೀತು. ಗೆಳತಿ ಸತ್ತಾಗ ಮನುಷ್ಯರಿಗೆ ಇಂಥ ಚಿಂತೆ ಬರುತ್ತದೆಯೇ? ಬರುತ್ತದೆ. ನನಗೆ ಬಂದಿತ್ತು.

ಅಂಟಿಸದೆ ಒಳಗೆ ಬಂದೆ.

ಕಲಿನಾ ದ್ರಗೊವಾ ನಮ್ಮ ನದಿಜಲ ಸಂಸ್ಥೆಯ ಸಂಶೋಧಕಿ. ಶನಿವಾರ ಸಂಜೆ ಕಾಣೆಯಾದವಳು ನಿನ್ನೆ, ಗುರುವಾರ, ನಮ್ಮ ವಿದಿನ್ ಊರಿನ ಕೆಳಗಡೆ ಡ್ಯಾನ್ಯೂಬ್ ನದಿಯ ಜೊಂಡಿನಲ್ಲಿ ಹೆಣವಾಗಿ ಸಿಕ್ಕಿದ್ದಳು.

ಗ್ರಂಥಾಲಯದಲ್ಲಿ ಸ್ತೋಯ್ಕಾ ಅಕ್ಕ ಆಗಲೇ ಲಿಂಡೆನ್ ಹೂವಿನ ಚಹಾ ಕುದಿಸಿದ್ದಳು. ಅವಳು ನನ್ನ ಮೇಲಿನವಳು. ಮೂವತ್ತು ವರ್ಷ ಇದೇ ಕುರ್ಚಿಯಲ್ಲಿ ಕೂತು, ಇಡೀ ಊರಿನ ಸುದ್ದಿಯನ್ನು ಪುಸ್ತಕಗಳಿಗಿಂತ ಚೊಕ್ಕವಾಗಿ ಜೋಡಿಸಿಟ್ಟುಕೊಂಡವಳು.

"ಏನೇ ದೆನಿತ್ಸಾ, ಮುಖ ಹೀಗಿದೆ? ರಾತ್ರಿಯೆಲ್ಲಾ ದಿನಚರಿ ಬರೀತಿದ್ಯಾ?"

"ಇಲ್ಲ ಅಕ್ಕ."

"ಬರೀ ಬರೀ. ಬಾಯಲ್ಲಿ ಆಡದ ಮಾತೆಲ್ಲಾ ಅದರಲ್ಲಿ ಕೊಳೀತಿರ್ಲಿ." ಲೋಟ ನನ್ನ ಮುಂದೆ ತಳ್ಳಿದಳು. ಆಮೇಲೆ ದನಿ ಇಳಿಸಿದಳು. "ಇನ್ಸ್‌ಪೆಕ್ಟರ್ ಬಿಸೆರಣ್ಣ ಇವತ್ತು ಬರ್ತಾನಂತೆ. ಒಂದಿಬ್ಬರ ಹತ್ರ ಕೇಳೋ ಶಾಸ್ತ್ರ ಮುಗಿಸಿ ಕೇಸು ಮುಚ್ತಾನಂತೆ. ಹುಡುಗಿ ತಾನಾಗೇ ಹಾರಿದ್ಲು ಅಂತ."

"ಹಾಗಂತ ಬರೆದ್ರೆ ಏನಾಗುತ್ತೆ?"

"ಏನಾಗುತ್ತೆ! ನಾಳೆ ಮಣ್ಣಿಗೆ ಪಾದ್ರಿ ಬರಲ್ಲ. ತಾನೇ ಜೀವ ತಗೊಂಡೋರಿಗೆ ಆತ ಪ್ರಾರ್ಥನೆ ಓದಲ್ಲ, ಗೊತ್ತಲ್ಲ. ಅವಳಮ್ಮ ಅಲ್ಲಿ ಮಣ್ಣಿಗೆ ಬಂದೋರಿಗೆ ಹಂಚೋ ಗೋಧಿ ಬೇಯಿಸ್ಕೊಂಡು ಕೂತಿದಾಳೆ. ಬೆಳಗ್ಗೆ ಫೋನ್ ಮಾಡಿದ್ಲು. 'ಸ್ತೋಯ್ಕಾ, ನನ್ನ ಮಗಳನ್ನ ನಾಯಿ ಥರ ಹೂಳ್ಬೇಕಾ?' ಅಂದ್ಲು. ನಾನೇನು ಹೇಳ್ಲಿ? ಚಹಾ ಕುಡಿ. ಆರಿಹೋಗುತ್ತೆ."

ಅವಳು ಹಳೆಯ ಸಂಪುಟಗಳನ್ನು ಹುಡುಕಲು ನೆಲಮಾಳಿಗೆಗೆ ಇಳಿದುಹೋದಳು. ನಾನು ಗಣಕಯಂತ್ರ ತೆರೆದೆ.

ನನ್ನ ಕೆಲಸ ಯಾರ ಕಣ್ಣಿಗೂ ಬೀಳುವುದಲ್ಲ. ಅದಕ್ಕೇ ಅದು ನನಗೆ ಇಷ್ಟ. ಸಂಸ್ಥೆಯವರು ಬರೆದ ಸಂಶೋಧನಾ ಲೇಖನಗಳೆಲ್ಲ ನಮ್ಮ ಮುಕ್ತ ಭಂಡಾರದಲ್ಲಿ ಸೇರಬೇಕು, ಯಾರು ಬೇಕಾದರೂ ದುಡ್ಡಿಲ್ಲದೆ ಓದಬೇಕು. ದಿನಾ ನಸುಕಿನಲ್ಲಿ ಯಂತ್ರವೇ ಹೊರಗಿನ ಜರ್ನಲುಗಳ ಪುಟಗಳನ್ನು ಜಾಲಾಡಿ, ನಮ್ಮವರ ಹೊಸ ಲೇಖನ ಕಂಡರೆ ಲೇಖಕರ ಹೆಸರು, ಶೀರ್ಷಿಕೆಗಳನ್ನು ತಂದು ಹಾಕುತ್ತದೆ. ಅದಕ್ಕೆ ಬುದ್ಧಿ ಕಡಿಮೆ. ಹೆಸರಿನಲ್ಲಿ ಒಂದು ಚುಕ್ಕಿ ಹೆಚ್ಚಾದರೂ ಬೇರೆ ಮನುಷ್ಯ ಎಂದು ಹೊಸ ಖಾತೆ ತೆರೆದುಬಿಡುತ್ತದೆ. ಹಾಗೆ ಎರಡಾದವರನ್ನು ಮತ್ತೆ ಒಂದು ಮಾಡುವವಳು ನಾನು.

ಆ ದಿನ ಪರದೆಯ ಮೇಲೆ ಇಬ್ಬರು ಕಲಿನಾ ಇದ್ದರು.

ಒಬ್ಬಳು ನನಗೆ ಗೊತ್ತಿದ್ದ ಕಲಿನಾ ದ್ರಗೊವಾ. ಇನ್ನೊಬ್ಬಳ ಹೆಸರಿನ ಪಕ್ಕದಲ್ಲಿ, ಮೇಲಕ್ಕೆ ಅಂಟಿಕೊಂಡಂತೆ, ಪುಟ್ಟ ಶಿಲುಬೆ.

ಅಚ್ಚರಿಯಾಗಲಿಲ್ಲ. ಲೇಖನ ಅಚ್ಚಾಗುವ ಮೊದಲೇ ಬರೆದವರಲ್ಲಿ ಒಬ್ಬರು ತೀರಿಕೊಂಡರೆ, ಅವರ ಹೆಸರಿಗೆ ಹೀಗೆ ಶಿಲುಬೆ ಹಾಕುವುದು ನಮ್ಮಲ್ಲಿ ವಾಡಿಕೆ. ಸಂಸ್ಥೆಯ ಮುಖ್ಯಸ್ಥ ಪ್ರೊಫೆಸರ್ ಗ್ರೂದೆವ್ ಅವರಂತೂ ಇದರಲ್ಲಿ ಬಹಳ ಕಟ್ಟುನಿಟ್ಟು. ಹಿಂದೊಮ್ಮೆ ಅವರ ಮುದಿ ಸಹೋದ್ಯೋಗಿಯ ಹೆಸರಿಗೆ ಶಿಲುಬೆ ಬಿಟ್ಟುಹೋಗಿ, ಅವರು ಇದೇ ಕೋಣೆಯಲ್ಲಿ ನಿಂತು ಫೋನಿನಲ್ಲಿ ಜರ್ನಲಿನವರ ಜನ್ಮ ಜಾಲಾಡಿದ್ದರು. "ಸತ್ತೋನಿಗೆ ನಾವು ಮಾಡೋ ಕೊನೇ ಮರ್ಯಾದೆ ಕಣ್ರೀ ಅದು!" ಎಂದು ಕೂಗಿದ್ದು ನೆಲಮಾಳಿಗೆಗೂ ಕೇಳಿಸಿತ್ತು.

ಲೇಖನ ಯಾವುದು ಎಂದು ನೋಡಿದೆ. ಹಳ್ಳಿ ಬಾವಿಗಳ ನೀರಿನಲ್ಲಿ ಆರ್ಸೆನಿಕ್. ಬರೆದವರು: ಕಲಿನಾ ದ್ರಗೊವಾ, ಲುದ್ಮಿಲ್ ಗ್ರೂದೆವ್. ಜರ್ನಲು ದೊಡ್ಡದು, ದುಡ್ಡು ಕೊಟ್ಟವರಿಗೆ ಮಾತ್ರ ತೆರೆಯುವಂಥದು. ನಮ್ಮ ಭಂಡಾರದ ಪ್ರತಿಗೆ ಎರಡು ವರ್ಷ ಬೀಗ. ಬಾವಿಗಳ ಮೂಲ ಅಂಕಿಅಂಶ: ಇಲ್ಲ.

ನನ್ನ ಬೆರಳು ಅಲ್ಲೇ ನಿಂತಿತು.

ಬೀಗವೇ? ಕಲಿನಾ?

ಚಳಿಗಾಲ ಹಿಡಿಯುವ ಮೊದಲು ಅವಳು ನನ್ನ ಮೇಜಿನ ಅಂಚಿನಲ್ಲಿ ಕೂತು, ಸೂರ್ಯಕಾಂತಿ ಬೀಜ ಕಡಿಯುತ್ತ ಕೇಳಿದ್ದಳು. "ನಿಂಗೆ ಈ ಕಾನೂನೆಲ್ಲಾ ಗೊತ್ತಲ್ವಾ ದೆನಿ. ಹೇಳು. ಗ್ರೂದೆವ್ ಹೇಳೋ ಜರ್ನಲ್ಲಿಗೆ ಕೊಟ್ರೆ ಯಾರು ಓದ್ತಾರೆ?"

"ಚಂದಾ ಕಟ್ಟಿರೋ ಕಾಲೇಜಿನೋರು."

"ಬಾವಿ ಹಳ್ಳಿ ಅಜ್ಜಿ?"

"ಅಜ್ಜಿ ಯಾಕೆ ಓದ್ತಾಳೆ?"

"ಮೊಮ್ಮಗಳು ಓದಿ ಹೇಳ್ತಾಳೆ ಕಣೆ. ಅಜ್ಜಿ, ಆ ನೀರು ಕುಡೀಬೇಡ ಅಂತ."

ನಾವೇ ಹಣ ಕಟ್ಟಿದರೆ ಅದೇ ಜರ್ನಲು ಎಲ್ಲರಿಗೂ ತೆರೆಯುತ್ತದೆ ಎಂದೆ. ಅಷ್ಟು ಹಣ ಸಂಸ್ಥೆಯಲ್ಲಿ ಎಲ್ಲಿದೆ ಎಂದು ನಕ್ಕಳು. ಇಲ್ಲವೇ ನಮ್ಮ ಭಂಡಾರದಲ್ಲಿ ಅವಳದೇ ಪ್ರತಿ ಇಡಬಹುದು, ಆದರೆ ಜರ್ನಲಿನವರು ಹೇಳಿದಷ್ಟು ಕಾಲ ಬೀಗ ಹಾಕಿರಬೇಕು ಎಂದೆ.

"ಅಷ್ಟೊತ್ತಿಗೆ ಅಜ್ಜಿ ಸತ್ತಿರ್ತಾಳೆ. ಬೇರೆ?"

"ಓದೋರನ್ನೂ ಬರೆಯೋರನ್ನೂ ದುಡ್ಡು ಕೇಳದ ಜರ್ನಲ್ಲುಗಳಿವೆ. ವಿದ್ವಾಂಸರೇ ಸೇರಿ ನಡೆಸ್ತಾರೆ. ಹೆಸರು ಮಾತ್ರ ಸಣ್ಣದು."

"ಅದೇ ಬೇಕು ನಂಗೆ. ಜೊತೆಗೆ ನನ್ನ ಅಂಕಿಗಳೆಲ್ಲಾ ಹೊರಗೆ. ಒಂದೂ ಬಚ್ಚಿಡದೆ." ಬೀಜದ ಸಿಪ್ಪೆಯನ್ನು ನನ್ನ ಚಹಾ ತಟ್ಟೆಗೆ ಉಗಿದಳು. "ಮುದುಕ ಕೂಗಾಡ್ತಾನೆ. ಕೂಗ್ಲಿ. ಹತ್ತು ವರ್ಷದ ಹಿಂದೆ ಅದೇ ಬಾವಿಗಳು ಶುದ್ಧ ಅಂತ ಬರೆದು ಹೆಸರು ಮಾಡ್ದೋನು ಅವನೇ. ನನ್ನ ಅಂಕಿ ಹೊರಗೆ ಬಂದ್ರೆ ಅವನು ಸೇರೋಕೆ ಕಾಯ್ತಿರೋ ಅಕಾಡೆಮಿ ಬಾಗಿಲು ಅವನ ಮೂಗಿನ ಮೇಲೇ ಮುಚ್ಚುತ್ತೆ."

ಆ ಕಲಿನಾ ಈ ಬೀಗ ಒಪ್ಪಿದ್ದಳೇ?

ಅವಳನ್ನು ಕೇಳದೆ ಮುದುಕ ತನಗೆ ಬೇಕಾದ ಹಾಗೆ ಮಾಡಿಕೊಂಡಿದ್ದಾರೆ ಎಂದುಕೊಂಡೆ. ಅನ್ಯಾಯ. ಆದರೆ ಪೊಲೀಸರಿಗೆ ಹೇಳುವ ಅನ್ಯಾಯವಲ್ಲ. ಇಬ್ಬರನ್ನೂ ಒಂದು ಮಾಡಲು ಕೈ ಮುಂದಾಯಿತು. ಒಂದು ಮಾಡಿದರೆ ಯಂತ್ರ ಹಳೆಯ ಗುರುತುಗಳನ್ನು ಅಳಿಸಿ ಹೊಸ ದಿನಾಂಕ ಬರೆಯುತ್ತದೆ. ಅದಕ್ಕೇ ಮೊದಲಿನ ದಿನಾಂಕವನ್ನು ಒಮ್ಮೆ ನೋಡುವುದು ನನ್ನ ಅಭ್ಯಾಸ.

ಶಿಲುಬೆಯ ಕಲಿನಾ ನಮ್ಮ ಭಂಡಾರಕ್ಕೆ ಬಂದದ್ದು ಮಂಗಳವಾರ ನಸುಕಿಗೆ.

ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಮಂಗಳವಾರವೇ.

ಮಂಗಳವಾರ ಕಲಿನಾ ಸತ್ತಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಅಮ್ಮನ ಊರಿಗೆ ಹೋಗಿದ್ದಾಳೆ, ಬೆಟ್ಟದಲ್ಲಿ ಮೊಬೈಲ್ ಸಿಗುತ್ತಿಲ್ಲ ಎಂದುಕೊಂಡಿದ್ದೆವು. ಸ್ತೋಯ್ಕಾ ಅಕ್ಕ ಅವಳು ಹಿಂದಿರುಗಿಸದ ಪುಸ್ತಕಕ್ಕಾಗಿ ಶಪಿಸುತ್ತಿದ್ದಳು. ಬುಧವಾರ ಮೊಗಸಾಲೆಯಲ್ಲಿ ಗ್ರೂದೆವ್ ಅವರೇ ಎಲ್ಲರಿಗೂ ಕೇಳಿಸುವಂತೆ, "ಹೇಳದೆ ಕೇಳದೆ ಹೋಗಿಬಿಡ್ತಾರೆ ಈಗಿನ ಹುಡುಗೀರು, ಬರ್ಲಿ, ಮಾಡ್ತೀನಿ" ಎಂದಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ.

ಇತ್ತ ಅದಕ್ಕೆ ಮೊದಲೇ, ಅಚ್ಚಿನ ಕೊನೆಯ ತಿದ್ದುಪಡಿಯಲ್ಲಿ, ಯಾರೋ ಅವಳಿಗೆ ಕೊನೆಯ ಮರ್ಯಾದೆ ಮಾಡಿ ಮುಗಿಸಿದ್ದರು.

ಚಹಾ ಲೋಟ ಹಿಡಿಯಲು ಹೋದೆ. ಅದು ಆರಿಹೋಗಿತ್ತು.

"ದೆನಿತ್ಸಾ."

ನಾನು ಬೆಚ್ಚಿದೆ. ಬಾಗಿಲಲ್ಲಿ ಗ್ರೂದೆವ್. ಕೈಗವಸುಗಳನ್ನು ಒಂದೊಂದೇ ಬೆರಳಿನಿಂದ ಬಿಡಿಸುತ್ತಿದ್ದರು. ಬಿಳಿಯ ಗಡ್ಡ ನೀಟಾಗಿ ಕತ್ತರಿಸಿತ್ತು, ಕೋಟಿನ ಎದೆಗೆ ಕಪ್ಪು ಪಟ್ಟಿ ಚುಚ್ಚಿತ್ತು.

"ಒಬ್ಬಳೇ ಇದೀಯಾ ಮಗಳೇ?"

"ಅಕ್ಕ ಕೆಳಗಿದಾರೆ ಸಾರ್."

"ಒಳ್ಳೇದಾಯ್ತು. ಅವಳಿದ್ರೆ ನಮ್ಮ ಮಾತು ಸಂಜೆಗೆ ಸಂತೆ ತಲುಪುತ್ತೆ." ಹತ್ತಿರ ಬಂದು, ಕಲಿನಾ ಕೂರುತ್ತಿದ್ದ ಮೇಜಿನ ಅಂಚಿಗೆ ಕೈ ಊರಿದರು. "ಏನೂ ದೊಡ್ಡ ಕೆಲಸ ಅಲ್ಲ. ನಮ್ಮ ಭಂಡಾರದಲ್ಲಿ ಪಾಪದ ಕಲಿನಾ ಹೆಸರು ಎರಡೆರಡು ಸಲ ಬಂದಿದೆ ಅಂತ ನೋಡ್ದೆ. ಚೆನ್ನಾಗಿ ಕಾಣಲ್ಲ. ಎರಡನ್ನೂ ಒಂದು ಮಾಡಿಬಿಡು."

"ಮಾಡ್ತೀನಿ ಸಾರ್."

"ಈಗ್ಲೇ ಮಾಡು. ನಾನು ಕಾಯ್ತೀನಿ."

ನಾಲ್ಕು ವರ್ಷದಲ್ಲಿ ಅವರು ನನ್ನ ಕೆಲಸಕ್ಕಾಗಿ ಕಾದದ್ದಿಲ್ಲ. ಈ ಕೋಣೆಗೆ ಬಂದರೆ ಕುರ್ಚಿಯನ್ನೂ ಎಳೆದುಕೊಳ್ಳುತ್ತಿರಲಿಲ್ಲ.

"ಸಿಸ್ಟಮ್ ಇವತ್ತು ನಿಧಾನ ಇದೆ ಸಾರ್," ಎಂದೆ. ಸುಳ್ಳು. ಪರದೆ ನನ್ನ ಮುಂದೆ ಕನ್ನಡಿಯಂತೆ ನಿಚ್ಚಳವಾಗಿತ್ತು.

"ನಿಧಾನ ಇದ್ರೆ ಇರ್ಲಿ. ನನಗೇನು ಆತುರ?" ಅವರು ನಕ್ಕರು. ಆಮೇಲೆ ಕನ್ನಡಕ ಏರಿಸಿಕೊಂಡು ಪರದೆಯ ಕಡೆ ಬಾಗಿದರು. ನಾನು ತೆರೆದಿಟ್ಟಿದ್ದ ಸಾಲು ಅವರಿಗೆ ಕಂಡಿತು. ಮಂಗಳವಾರ ಎಂಬ ಸಾಲು.

ಕಿಟಕಿಯಾಚೆ ನದಿಯ ಮೇಲೆ ಯಾವುದೋ ದೋಣಿ ಮಂಜಿನಲ್ಲಿ ದಾರಿ ಕೇಳುತ್ತಾ ಕೂಗಿತು.

"ನೀನು ಬುದ್ಧಿವಂತೆ," ಎಂದರು ಗ್ರೂದೆವ್. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. "ನಾನು ಎಲ್ಲರ ಹತ್ರಾನೂ ಹೇಳ್ತಿರ್ತೀನಿ, ಆ ಮೂಗಿ ಥರ ಕೂರೋ ಹುಡುಗಿ ಇದಾಳಲ್ಲ, ಅವಳಷ್ಟು ಚೊಕ್ಕ ಕೆಲಸ ಯಾರೂ ಮಾಡಲ್ಲ ಅಂತ. ನಿನ್ನನ್ನ ಖಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲೇ ಇದೆ. ಗೊತ್ತಾ?"

"ಗೊತ್ತಿರ್ಲಿಲ್ಲ ಸಾರ್."

"ಈಗ ಗೊತ್ತಾಯ್ತಲ್ಲ."

ನನ್ನ ಕುತ್ತಿಗೆ ಕೆಂಪಾಗುತ್ತಿರುವುದು ನನಗೇ ಬಿಸಿಯಾಗಿ ತಿಳಿಯುತ್ತಿತ್ತು. ಏನಾದರೂ ಕೇಳಬೇಕಿತ್ತು. ಗಂಟಲಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ.

"ಪ್ರೂಫ್... ಕೊನೇ ತಿದ್ದುಪಡಿ ಯಾರು ಕಳಿಸಿದ್ದು ಸಾರ್?"

ಅವರು ಕೈಗವಸುಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿಟ್ಟರು. ಉತ್ತರಕ್ಕೆ ಬೇಕಾದಷ್ಟು ಹೊತ್ತು ಜೋಡಿಸಿದರು.

"ಅಚ್ಚಿನೋರ ತಪ್ಪು," ಎಂದರು. "ಅಲ್ಲಿ ಯಾರೋ ಕೂತ್ಕೊಂಡು ಏನೋ ಒತ್ತಿರ್ತಾರೆ."

"ಶಿಲುಬೇನಾ ಸಾರ್?"

ಅವರು ನನ್ನನ್ನು ನೋಡಿದರು. ಬಹುಶಃ ಮೊದಲ ಸಲ.

"ಒಂದು ಮಾಡು ದೆನಿತ್ಸಾ."

ನಾನು ಮೌಸಿನ ಮೇಲೆ ಕೈ ಇಟ್ಟೆ. ಒಂದು ಸಲ ಒತ್ತಿದರೆ ಸಾಕು. ಇಬ್ಬರು ಕಲಿನಾಗಳು ಒಬ್ಬಳಾಗುತ್ತಾರೆ, ಮಂಗಳವಾರ ಅಳಿಸಿಹೋಗಿ ಅವಳ ಪಕ್ಕ ಇವತ್ತಿನ ದಿನಾಂಕ ಕೂರುತ್ತದೆ, ಶುಕ್ರವಾರ ಶಿಲುಬೆ ಇರುವುದರಲ್ಲಿ ಯಾರಿಗೂ ಏನೂ ತಪ್ಪು ಕಾಣುವುದಿಲ್ಲ. ನಾನು ಖಾಯಂ ಆಗುತ್ತೇನೆ. ಅವಳ ತಾಯಿ ಬೇಯಿಸಿದ ಗೋಧಿಯನ್ನು ಪಾದ್ರಿಯಿಲ್ಲದೆ ಹಂಚುತ್ತಾಳೆ.

ಒತ್ತಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಕೈ ಸುಮ್ಮನೆ ಅಲ್ಲೇ ಇತ್ತು.

ಮೆಟ್ಟಿಲ ಮೇಲೆ ಭಾರದ ಬೂಟುಗಳ ಸದ್ದಾಯಿತು.

"ಎಲ್ರಿಗೂ ನಮಸ್ಕಾರ. ಅಬ್ಬಾ, ಏನು ಮಂಜು ಮಾರಾಯ್ರೆ! ನನ್ನ ಮೂಗೇ ನನಗೆ ಕಾಣ್ತಿಲ್ಲ." ಇನ್ಸ್‌ಪೆಕ್ಟರ್ ಬಿಸೆರ್ ಟೋಪಿ ಕೊಡವುತ್ತ ಒಳಗೆ ಬಂದರು. ದಪ್ಪ ಮೀಸೆ, ದಣಿದ ಕಣ್ಣು. "ಸ್ತೋಯ್ಕಾ ಎಲ್ಲಿ? ಚಹಾ ಇದೆ ಅಂದಿದ್ಲು. ಓ, ಪ್ರೊಫೆಸರೂ ಇಲ್ಲೇ ಇದೀರಾ. ಒಳ್ಳೇದೇ ಆಯ್ತು, ಒಂದು ಸಹಿಗೆ ಸುತ್ತೋದು ತಪ್ಪಿತು."

ನಾನು ಗ್ರೂದೆವ್ ಅವರ ಮುಖವನ್ನೇ ನೋಡುತ್ತಿದ್ದೆ. ಅದಕ್ಕೇ ಆ ಬದಲಾವಣೆ ನನಗೆ ಕಂಡದ್ದು. ಒಂದು ಗಳಿಗೆ ಅದು ಖಾಲಿಯಾಗಿತ್ತು. ಮರುಗಳಿಗೆಗೆ ಅದರಲ್ಲಿ ದುಃಖ ತುಂಬಿತು. ತಣ್ಣೀರು ಸುರಿದಂತೆ, ಮೆಲ್ಲಗೆ, ಅಂಚಿನವರೆಗೂ.

"ಇನ್ಸ್‌ಪೆಕ್ಟರೇ," ಎಂದರು ಅವರು, ದನಿ ಒಡೆದು. "ನೀವು ಸರಿಯಾದ ಹೊತ್ತಿಗೆ ಬಂದ್ರಿ. ಈ ಮಗು ಈಗಷ್ಟೇ ಒಂದು ವಿಷಯ ಕಂಡುಹಿಡಿದಿದಾಳೆ. ನೋಡಿ. ನೋಡೋಕಾಗಲ್ಲ ನನಗೆ."



"ಏನದು?" ಬಿಸೆರ್ ಮೂಗು ಪರದೆಗೆ ತಾಗಿಸುವಷ್ಟು ಬಾಗಿದರು. "ಈ ಚಿಲ್ಲರೆ ಅಕ್ಷರ ನನಗೆ ಹತ್ತಲ್ಲ, ಹೇಳಿ."

"ಕಲಿನಾ ಹೆಸರಿನ ಪಕ್ಕ ಶಿಲುಬೆ. ಮಂಗಳವಾರವೇ ಬಂದುಬಿಟ್ಟಿದೆ. ನಿಮಗೆ ಅವಳು ಸಿಗೋಕ್ಕೆ ಮೊದ್ಲೇ."

"ಹಾಂ? ಯಾರು ಹಾಕಿದ್ದು?"

"ಯಾರು ಹಾಕ್ತಾರೆ? ಪ್ರೂಫ್ ತಿದ್ದೋ ಲಿಂಕ್ ನಮ್ಮಿಬ್ಬರಿಗೇ ಬರೋದು. ನನಗೂ ಅವಳಿಗೂ. ನಾನಂತೂ ತೆರೀಲಿಲ್ಲ, ನೀನೇ ನೋಡ್ಕೋ ಅಂತ ಬಿಟ್ಟಿದ್ದೆ." ಕರ್ಚೀಫಿನಿಂದ ಕಣ್ಣು ಒತ್ತಿಕೊಂಡರು. "ತನ್ನ ಹೆಸರಿಗೆ ತಾನೇ ಹಾಕ್ಕೊಂಡು ಹೋಗಿದಾಳೆ ಇನ್ಸ್‌ಪೆಕ್ಟರೇ. ನಮಗೆಲ್ಲಾ ಹೇಳಿ ಹೋಗೋ ಅವಳ ರೀತಿ ಅದು."



ಎಷ್ಟು ಸರಾಗವಾಗಿ ಹೇಳಿದರು! ಕೊಲೆಗಾರನ ಹೆಜ್ಜೆ ಗುರುತು ಎಂದು ನಾನು ಹಿಡಿದುಕೊಂಡಿದ್ದನ್ನು, ನನ್ನ ಕೈಯಿಂದಲೇ ಎತ್ತಿ, ಸತ್ತವಳ ಕಾಲಿಗೆ ತೊಡಿಸಿಬಿಟ್ಟರು. ನಾನು ನಂಬದಿರುವಾಗಲೂ ಒಂದು ಕ್ಷಣ ನನ್ನ ಕಣ್ಣ ಮುಂದೆ ಕಲಿನಾ ಒಬ್ಬಳೇ ಕೂತು ಆ ಪುಟ್ಟ ಗುರುತು ಒತ್ತುತ್ತಿರುವುದು ಕಂಡಿತು.

"ಅಯ್ಯೋ ದೇವರೇ," ಎಂದರು ಬಿಸೆರ್. ಟೋಪಿಯನ್ನು ಮೇಜಿನ ಮೇಲಿಟ್ಟು ಶಿಲುಬೆ ಸನ್ನೆ ಮಾಡಿಕೊಂಡರು. "ನಿನ್ನೆಯಿಂದ ಪತ್ರ ಬರೆದಿಟ್ಟಿಲ್ಲವಲ್ಲ ಅನ್ನೋದೊಂದೇ ನನ್ನ ಚುಚ್ತಿತ್ತು. ಇದೇ ಆಯ್ತಲ್ಲ ಪತ್ರ."

"ಆ ಜರ್ನಲ್ ಕಂಪನಿಗೆ ಬರೆದು ಕೇಳ್ಬಹುದು ನೀವು," ಎಂದರು ಗ್ರೂದೆವ್ ಉದಾರವಾಗಿ. "ತಿದ್ದಿದ್ದು ಯಾರು ಅಂತ."

"ಅವರು ಎಲ್ಲೋ ಹೊರದೇಶದಲ್ಲಿ ಕೂತಿರ್ತಾರೆ. ಉತ್ತರ ಬರೋ ಹೊತ್ತಿಗೆ ಡ್ಯಾನ್ಯೂಬ್ ಬತ್ತಿರುತ್ತೆ. ನಾಳೆ ಬೆಳಗ್ಗೆ ಆ ತಾಯಿ ಹೆಣ ಕೇಳ್ತಿದಾಳೆ." ಬಿಸೆರ್ ನಿಟ್ಟುಸಿರಿಟ್ಟು ಚೀಲದಿಂದ ಕಾಗದ ತೆಗೆದರು. "ತಾನಾಗೇ. ಮುಗೀತು. ಪೆನ್ ಕೊಡಮ್ಮ."

ನಾನು ಪೆನ್ ಕೊಟ್ಟೆ. ಕೇಳಿದ ತಕ್ಷಣ ಕೊಡುವ ಕೈ ನನ್ನದು.

ಅವರು ಬರೆಯತೊಡಗಿದರು. ನಾನು ಒಳಗೊಳಗೇ ಮಾತು ಜೋಡಿಸುತ್ತಿದ್ದೆ. ಕಲಿನಾ ಎಂದೂ ಬೀಗ ಹಾಕುತ್ತಿರಲಿಲ್ಲ. ಸಾಯಲು ಹೊರಟವಳು ಹಳ್ಳಿಯ ಅಜ್ಜಿಯನ್ನು ಹೊರಗಿಟ್ಟು ಹೋಗುತ್ತಿರಲಿಲ್ಲ. ಆದರೆ ಅದು ಸಾಕ್ಷಿಯೇ? ಅವಳು ನೊಂದಿದ್ದಳು, ಬೇಸತ್ತು ಒಪ್ಪಿದಳು ಎಂದು ಈ ಮನುಷ್ಯ ಹೇಳುತ್ತಾನೆ. ಎಷ್ಟು ಹೊತ್ತು ಬೇಕು ಅವನಿಗೆ? ಕೈಗವಸು ಜೋಡಿಸುವಷ್ಟು ಹೊತ್ತು.

"ನೀನೇನಾದ್ರೂ ಹೇಳೋದಿದೆಯಾ ತಾಯಿ?" ಬಿಸೆರ್ ತಲೆ ಎತ್ತದೆ ಕೇಳಿದರು. "ಅವಳ ಗೆಳತಿ ಅಂತೆ ನೀನು."

"ಅವಳ ಹತ್ರ ಮಾತು ಹೊರಡಿಸೋದು ಕಷ್ಟ ಇನ್ಸ್‌ಪೆಕ್ಟರೇ," ಎಂದರು ಗ್ರೂದೆವ್. ನನ್ನ ಹೆಗಲ ಮೇಲೆ ಕೈ ಇಟ್ಟರು. ಬೆಚ್ಚಗಿದ್ದ, ಭಾರವಾದ ಕೈ. "ನಾಚಿಕೆ ಸ್ವಭಾವ. ನೊಂದಿದಾಳೆ. ಬಿಟ್ಬಿಡಿ."

ಆ ಕೈಯ ಕೆಳಗೇ ನನಗದು ಹೊಳೆಯಿತು. ಎಷ್ಟು ಸರಳ. ನಾನು ಶಿಲುಬೆಯನ್ನೂ ಬೀಗವನ್ನೂ ಹಿಡಿದು ಜಗ್ಗುತ್ತಿದ್ದೆ, ಹಿಡಿಯಬೇಕಾದದ್ದು ಬೇರೆಯೇ ಇತ್ತು. ಇದು ಕಲಿನಾಳ ಕೊನೆಯ ಮಾತೆಂದು ನಿಜವಾಗಿ ನಂಬಿದವನು ಇಲ್ಲಿಗೆ ಏಕೆ ಬಂದ? ಬಂದು ನನಗೆ ಏನು ಹೇಳಿದ?

ಹೇಳಿದರೆ ಅದು ನನ್ನ ಮಾತು ಮತ್ತು ಅವರ ಮಾತು. ಕೇಳಿದವರು ಮೂರನೆಯವರಿಲ್ಲ. ಊರೆಲ್ಲ ಯಾರನ್ನು ನಂಬುತ್ತದೆ ಎಂಬುದು ನನಗೆ ಗೊತ್ತಿತ್ತು. ಬಿಸೆರ್ ಬರೆದು ಮುಗಿಸಿ ಸಹಿಗೆ ಪೆನ್ ತಿರುಗಿಸಿದರು.

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಹೆಗಲ ಮೇಲಿನ ಕೈ ಜಾರಿತು.

"ನೀವು ಬರೋಕ್ಕೆ ಮುಂಚೆ," ಎಂದೆ. ನನ್ನದೇ ದನಿ, ಆದರೆ ಅಷ್ಟು ಗಟ್ಟಿಯಾಗಿ ನಾನೇ ಅದನ್ನು ಕೇಳಿರಲಿಲ್ಲ. "ಇವರು ಆ ಮಂಗಳವಾರದ ಗುರುತನ್ನ ಅಳಿಸು ಅಂದ್ರು."